ತೋಟದ ಜೀಪಿನ ಹೆಡ್‌ಲೈಟ್ ಸುಧಾರಿಸುವ ಕ್ರಮ: ಮೊದಲು ವೈರಿಂಗ್, ಆಮೇಲೆ ಬಲ್ಬ್

ಆರಿದ್ರ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಸಂಜೆ ಆರಕ್ಕೇ ಹೆಡ್‌ಲೈಟ್ ಹಾಕಬೇಕಾಗುತ್ತದೆ. ಮೇಲೆ ಸಿಲ್ವರ್ ಓಕ್ ನೆರಳು, ಕೆಳಗೆ ಕೆಸರು, ಎದುರಿಗೆ ಮಂಜು. ಇಲ್ಲಿನ ತೋಟಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಜೀಪುಗಳಲ್ಲಿ ಮಹೀಂದ್ರದ ಹಳೆಯ ಎಂ.ಎಂ. 540, ಮೇಜರ್, ಕಮಾಂಡರ್, ಮೊದಲ ತಲೆಮಾರಿನ ಥಾರ್‌ಗಳು ಸಾಕಷ್ಟಿವೆ. ಲೈಟು ಮಂಕಾಗಿದೆ ಎಂದು ಅಂಗಡಿಗೆ ಹೋದರೆ ಸಿಗುವ ಸಲಹೆ ಎರಡೇ: "ನೂರು-ತೊಂಬತ್ತರ ಬಲ್ಬ್ ಹಾಕ್ಸಿ" (ಹೈ ಬೀಮ್‌ಗೆ 100, ಲೋಗೆ 90 ವ್ಯಾಟ್) ಅಥವಾ "ಎಲ್‌ಇಡಿ ಹಾಕ್ಸಿಬಿಡಿ". ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಬೇರೆ ಇದೆ. ಬ್ಯಾಟರಿಯ ವೋಲ್ಟೇಜ್ ಬಲ್ಬಿನ ತನಕ ಪೂರ್ತಿ ತಲುಪುತ್ತಿದೆಯೇ ನೋಡಬೇಕು. ಆಮೇಲೆ ರಿಫ್ಲೆಕ್ಟರ್, ಆಮೇಲೆ ಬಲ್ಬ್, ಕೊನೆಗೆ ಅಲೈನ್‌ಮೆಂಟ್. ಈ ಕ್ರಮ ತಪ್ಪಿಸಿದರೆ ದುಡ್ಡು ಹೋಗುತ್ತದೆ, ಬೆಳಕು ಬರುವುದಿಲ್ಲ.

ಮೊದಲು ಮೀಟರ್ ಹಿಡಿಯಿರಿ

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಡಿ.ಸಿ. 20 ವೋಲ್ಟ್ ರೇಂಜಿನಲ್ಲಿಡಿ. ಎಂಜಿನ್ ಸ್ಟಾರ್ಟ್ ಮಾಡಿ, ಐಡಲ್‌ಗಿಂತ ಸ್ವಲ್ಪ ಮೇಲೆ, ಸುಮಾರು 1,500 ಆರ್‌ಪಿಎಂನಲ್ಲಿ ಹಿಡಿದು, ಹೈ ಬೀಮ್ ಹಾಕಿ. ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆದರೆ 13.8ರಿಂದ 14.4 ವೋಲ್ಟ್ ಇರಬೇಕು. ಇಷ್ಟಿಲ್ಲದಿದ್ದರೆ ಆಲ್ಟರ್ನೇಟರ್, ಬೆಲ್ಟ್ ಅಥವಾ ಬ್ಯಾಟರಿ ಟರ್ಮಿನಲ್‌ನ ದೋಷ. ಹೆಡ್‌ಲೈಟಿಗೆ ಕೈ ಹಾಕುವ ಮುಂಚೆ ಅದನ್ನೇ ಸರಿಮಾಡಿಸಿ. ಹಾಗೆಯೇ 14.8 ದಾಟುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿದೆ ಎಂದರ್ಥ, ಹೊಸ ಬಲ್ಬ್ ಹಾಕಿದರೂ ಬಾಳುವುದಿಲ್ಲ.

ಈಗ ಹೆಡ್‌ಲೈಟಿನ ಹಿಂಭಾಗಕ್ಕೆ ಬನ್ನಿ. ಹೋಲ್ಡರ್ ಬಲ್ಬಿನಲ್ಲೇ ಇರಲಿ, ಲೈಟು ಉರಿಯುತ್ತಲೇ ಇರಲಿ. ಹೋಲ್ಡರ್‌ನ ಹಿಂದಿನಿಂದ ಮೀಟರಿನ ಮುಳ್ಳುಗಳನ್ನು ತೂರಿಸಿ, ಬಲ್ಬಿನ ಹೈ ಬೀಮ್ ಪಿನ್ ಮತ್ತು ಅರ್ತ್ ಪಿನ್ ನಡುವೆ ಅಳೆಯಿರಿ. ಬಲ್ಬ್ ತೆಗೆದು ಅಳೆದರೆ ಪ್ರಯೋಜನವಿಲ್ಲ. ಕರೆಂಟ್ ಹರಿಯದಿದ್ದರೆ ಎಂಥ ತುಕ್ಕು ಹಿಡಿದ ವೈರಿನಲ್ಲೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬ್ಯಾಟರಿಯಲ್ಲಿ ಸಿಕ್ಕಿದ್ದಕ್ಕೂ ಇಲ್ಲಿ ಸಿಕ್ಕಿದ್ದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಹಳೆಯ ಜೀಪುಗಳಲ್ಲಿ ಎರಡು ವೋಲ್ಟ್, ಕೆಲವೊಮ್ಮೆ ಅದಕ್ಕೂ ಮೇಲೆ ಬಿದ್ದಿರುತ್ತದೆ.

ಎರಡು ವೋಲ್ಟ್ ತಾನೇ ಎನ್ನಬೇಡಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ವೋಲ್ಟೇಜ್ ಶೇ 10 ಇಳಿದರೆ ಬೆಳಕು ಶೇ 30ರ ಹತ್ತಿರ ಇಳಿಯುತ್ತದೆ. 13.5 ವೋಲ್ಟ್ ಸಿಗಬೇಕಾದ ಕಡೆ 11 ಸಿಕ್ಕರೆ ಅರ್ಧ ಬೆಳಕು ಮಾತ್ರ. ಹೆಡ್‌ಲೈಟ್ ಹಳದಿಗೆ ತಿರುಗಿ ಕೆಂಪಗೆ ಕಾಣುವುದಕ್ಕೆ ಕಾರಣ ಇದೇ.

ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂಬುದನ್ನೂ ಅದೇ ಮೀಟರ್ ಹೇಳುತ್ತದೆ. ಒಂದು ಮುಳ್ಳು ಬ್ಯಾಟರಿಯ ಪಾಸಿಟಿವ್‌ನಲ್ಲಿ, ಇನ್ನೊಂದು ಬಲ್ಬಿನ ಹೈ ಪಿನ್ನಿನಲ್ಲಿ ಇಟ್ಟರೆ ಬರುವ ಅಂಕಿ ಸ್ವಿಚ್ ಮತ್ತು ವೈರುಗಳಲ್ಲಿ ಬಿದ್ದದ್ದು. ಬ್ಯಾಟರಿಯ ನೆಗೆಟಿವ್ ಮತ್ತು ಬಲ್ಬಿನ ಅರ್ತ್ ಪಿನ್ ನಡುವೆ ಬಂದದ್ದು ಅರ್ತಿಂಗ್‌ನಲ್ಲಿ ಬಿದ್ದದ್ದು. ಮಲೆನಾಡಿನ ಗಾಡಿಗಳಲ್ಲಿ ಅರ್ತ್ ಕಡೆಯ ನಷ್ಟವೇ ಹೆಚ್ಚು. ಹೆಡ್‌ಲೈಟ್ ಕೂರುವ ಬಟ್ಟಲಿನ (ಬಕೆಟ್) ಹತ್ತಿರ ಗಾಡಿಯ ಲೋಹದ ಬಾಡಿಗೆ ಕೂರಿಸಿದ ಸ್ಕ್ರೂ ಮಳೆನೀರಿಗೆ ತುಕ್ಕು ಹಿಡಿದು, ಮೇಲೆ ಬಣ್ಣ ಬಳಿಸಿಕೊಂಡು, ಹೆಸರಿಗೆ ಮಾತ್ರ ಅರ್ತ್ ಆಗಿರುತ್ತದೆ. ಲೋ ಬೀಮ್ ಹಾಕಿದಾಗ ಬಲ್ಬಿನ ಎರಡೂ ಫಿಲಮೆಂಟ್ ಮಂದವಾಗಿ ಉರಿಯುತ್ತಿದ್ದರೆ, ಇಂಡಿಕೇಟರ್ ಹಾಕಿದಾಗ ಆ ಕಡೆಯ ಹೆಡ್‌ಲೈಟ್ ಮಿಣುಕುತ್ತಿದ್ದರೆ, ಬೇರೇನೂ ಹುಡುಕಬೇಡಿ, ಅರ್ತ್ ಬಿಚ್ಚಿ.

ರಿಲೇ ವೈರಿಂಗ್

ಹಳೆಯ ಜೀಪುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್, ಡಿಪ್ಪರ್, ಅಲ್ಲಿಂದ ಸಣ್ಣ ವೈರು ಹೀಗೆ ಸುತ್ತಿ ಬರುತ್ತದೆ. 60/55 ವ್ಯಾಟ್‌ನ ಎಚ್‌4 ಬಲ್ಬ್ (ಹೈ, ಲೋ ಎರಡೂ ಫಿಲಮೆಂಟ್ ಒಂದರಲ್ಲೇ ಇರುವುದು) ಎರಡಿದ್ದರೆ ಹೈ ಬೀಮ್‌ಗೆ 120 ವ್ಯಾಟ್, ಅಂದರೆ ಸುಮಾರು 10 ಆಂಪಿಯರ್. ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್, ಹಾಕಿದರೆ ಹಳೆಯ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಕಾಯಿಲಿಗೆ ಬೇಕಾದ ಅಲ್ಪ ಕರೆಂಟ್ ಮಾತ್ರ. ಬಲ್ಬಿನ ಕರೆಂಟ್ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರ ಬರುತ್ತದೆ. ಡಿಪ್ಪರ್ ಸ್ವಿಚ್ ಬಿಸಿಯಾಗುವುದೂ ನಿಲ್ಲುತ್ತದೆ.

ಬೇಕಾಗುವ ಸಾಮಾನು: 12 ವೋಲ್ಟ್ 30 ಅಥವಾ 40 ಆಂಪಿಯರಿನ ನಾಲ್ಕು ಪಿನ್ ರಿಲೇ ಎರಡು, ಸಾಕೆಟ್ ಸಮೇತ. ಮುಚ್ಚಳವಿರುವ 30 ಆಂಪಿಯರ್ ಫ್ಯೂಸ್ ಹೋಲ್ಡರ್ ಒಂದು, 10 ಆಂಪಿಯರಿನವು ನಾಲ್ಕು. ಎಚ್‌4 ಹೋಲ್ಡರ್ ಎರಡು, ಸೆರಾಮಿಕ್‌ನವೇ ಇರಲಿ. ಅಗ್ಗದ ಪ್ಲಾಸ್ಟಿಕ್ ಹೋಲ್ಡರ್ ಬಿಸಿಗೆ ಕಂದಿ, ಕರಗಿ, ಪಿನ್ ಸಡಿಲವಾಗುತ್ತದೆ. ಬ್ಯಾಟರಿಯಿಂದ ರಿಲೇಗೆ 4 ಸ್ಕ್ವೇರ್ ಎಂ.ಎಂ. ವೈರು ಒಂದೂವರೆ ಮೀಟರ್, ಫ್ಯೂಸಿನಿಂದ ಬಲ್ಬಿಗೆ 1.5 ಸ್ಕ್ವೇರ್ ಎಂ.ಎಂ. ಎಂಟು ಮೀಟರ್, ಅರ್ತಿಗೆ 2.5 ಸ್ಕ್ವೇರ್ ಎಂ.ಎಂ. ನಾಲ್ಕು ಮೀಟರ್. ಮನೆ ವೈರಿಂಗ್‌ನ ಒಂಟಿ ಎಳೆಯ ವೈರು ಬೇಡ, ಕಲ್ಲುದಾರಿಯ ಅದುರಾಟಕ್ಕೆ ಮುರಿಯುತ್ತದೆ. ಬಹು ಎಳೆಯ ಆಟೋ ವೈರೇ ಬೇಕು. ಜೊತೆಗೆ ಲಗ್‌ಗಳು (ವೈರಿನ ತುದಿಗೆ ಒತ್ತುವ ಲೋಹದ ಕೊಂಡಿ), ಶಾಖಕ್ಕೆ ಕುಗ್ಗುವ ಸ್ಲೀವ್, ಸುರುಳಿ ಪೈಪು.

ಬಿಚ್ಚುವ ಮುಂಚೆ ಒಂದು ಪರೀಕ್ಷೆ. ಹೆಡ್‌ಲೈಟಿನ ಪ್ಲಗ್ ತೆಗೆದು, ಲೈಟ್ ಸ್ವಿಚ್ ಹಾಕಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಹಿಡಿಸಿ ಪ್ಲಗ್ಗಿನ ಮೂರು ತೂತುಗಳನ್ನು ಮುಟ್ಟಿ ನೋಡಿ. ಲೋ ಹಾಕಿದಾಗ ಒಂದು, ಹೈ ಹಾಕಿದಾಗ ಇನ್ನೊಂದು ಉರಿದರೆ ಅದು ಸಾಮಾನ್ಯ ಪಾಸಿಟಿವ್ ಸ್ವಿಚಿಂಗ್. ಎರಡರಲ್ಲೂ ಒಂದೇ ತೂತು ಉರಿಯುತ್ತಿದ್ದರೆ ಸ್ವಿಚ್ ಅರ್ತ್ ಕಡೆ ಇದೆ. ಜಪಾನಿ ಮೂಲದ ಕೆಲವು ಗಾಡಿಗಳಲ್ಲಿ ಹೀಗಿರುತ್ತದೆ. ಇದನ್ನು ನೋಡದೆ ರೆಡಿಮೇಡ್ ಕಿಟ್ ತಂದು ಜೋಡಿಸಿದಾಗಲೇ "ಏನೇ ಮಾಡಿದರೂ ಹೈ ಬರಲ್ಲ" ಎಂಬ ತಲೆನೋವು ಶುರುವಾಗುವುದು.

ಜೋಡಣೆ ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 30 ಆಂಪಿಯರ್ ಫ್ಯೂಸ್ ಬರಲಿ, ಅಲ್ಲಿಂದ 4 ಸ್ಕ್ವೇರ್ ವೈರು ಎರಡೂ ರಿಲೇಗಳಲ್ಲಿ 30 ಎಂದು ಬರೆದ ಪಿನ್ನಿಗೆ. ಹಳೆಯ ಪ್ಲಗ್‌ಗಳಲ್ಲಿ ಬ್ಯಾಟರಿಗೆ ಹತ್ತಿರದ್ದನ್ನು ಸಿಗ್ನಲಿಗೆ ಬಳಸಿ: ಲೋ ತಂತಿ ಮೊದಲ ರಿಲೇಯ 85ಕ್ಕೆ, ಹೈ ತಂತಿ ಎರಡನೆಯದರ 85ಕ್ಕೆ, ಎರಡರ 86 ಅರ್ತಿಗೆ. ಸ್ವಿಚ್ ಅರ್ತ್ ಕಡೆ ಇರುವ ಗಾಡಿಯಲ್ಲಿ 86ನ್ನು ಬಾಡಿಗೆ ಕೊಡದೆ, ಯಾವಾಗಲೂ ಉರಿಯುತ್ತಿದ್ದ ಆ ಪಾಸಿಟಿವ್ ತಂತಿಗೆ ಕೊಡಬೇಕು. ಇನ್ನೊಂದು ಕಡೆಯ ಹಳೆಯ ಪ್ಲಗ್ಗನ್ನು ನೀರು ಹೋಗದಂತೆ ಸ್ಲೀವ್ ಹಾಕಿ ಕಟ್ಟಿಡಿ, ಕತ್ತರಿಸಬೇಡಿ. ದಾರಿಯಲ್ಲಿ ರಿಲೇ ಕೈಕೊಟ್ಟರೆ ಬಲ್ಬಿಗೆ ನೇರ ಸಿಕ್ಕಿಸಿಕೊಂಡು ಮನೆ ಸೇರಬಹುದು.

ಪ್ರತಿ ರಿಲೇಯ 87ರಿಂದ ಎರಡು 10 ಆಂಪಿಯರ್ ಫ್ಯೂಸು, ಒಂದು ಎಡ ಬಲ್ಬಿಗೆ, ಒಂದು ಬಲ ಬಲ್ಬಿಗೆ. ರೆಡಿಮೇಡ್ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇಷ್ಟು ಫ್ಯೂಸ್ ಇರುವುದಿಲ್ಲ, ಆದರೂ ಈ ಖರ್ಚು ಮಾಡಲೇಬೇಕು. ಚಾರ್ಮಾಡಿಯ ತಿರುವಿನಲ್ಲಿ ಒಂದು ಹೋಲ್ಡರ್ ಶಾರ್ಟ್ ಆಗಿ ಎರಡೂ ಲೈಟು ಒಟ್ಟಿಗೆ ಹೋದರೆ ಏನು ಗತಿ ಎಂದು ಯೋಚಿಸಿದರೆ ಸಾಕು.

ಐದು ಪಿನ್ನಿನ ರಿಲೇ ತಂದರೆ ನಡುವಿನ 87ಎ ಪಿನ್ನಿಗೆ ಏನನ್ನೂ ಕೊಡಬೇಡಿ. ಅದು ಸ್ವಿಚ್ ಆಫ್ ಇದ್ದಾಗ ಲೈವ್ ಆಗಿರುವ ಪಿನ್. ಸ್ವಿಚ್ ಆರಿಸಿದರೆ ಲೈಟ್ ಉರಿಯುವುದು, ಬೆಳಗಾಗುವುದರೊಳಗೆ ಬ್ಯಾಟರಿ ಇಳಿಯುವುದು ಈ ತಪ್ಪಿನಿಂದಲೇ. ಹೈ ಹಾಕಿದಾಗ ಲೋ ಕೂಡ ಉರಿಯುವಂತೆ ಮಾಡಿಕೊಡುತ್ತೇನೆ ಎಂದರೂ ಒಪ್ಪಬೇಡಿ. ಒಂದೇ ಬಲ್ಬಿನಲ್ಲಿ 115 ವ್ಯಾಟ್ ಶಾಖ ಸೇರಿದರೆ ಬಲ್ಬು, ಹೋಲ್ಡರ್ ಎರಡೂ ಸುಡುತ್ತವೆ.

ಅರ್ತ್ ವಿಷಯದಲ್ಲಿ ಜಿಪುಣತನ ಬೇಡ. ಎರಡೂ ಹೆಡ್‌ಲೈಟಿನಿಂದ 2.5 ಸ್ಕ್ವೇರ್ ವೈರನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೇ ತನ್ನಿ. ಬಾಡಿಗೆ ಕೂರಿಸುವುದೇ ಆದರೆ ಬಣ್ಣ ಕೆರೆದು, ಹೊಳೆಯುವ ಲೋಹ ಕಾಣುವಂತೆ ಮಾಡಿ, ನಕ್ಷತ್ರ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಲಗ್‌ಗಳನ್ನು ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಿ. ಬರೀ ಬೆಸುಗೆ ಹಾಕಿದ ಕಡೆ ವೈರು ಗಡುಸಾಗಿ, ಅದರ ಅಂಚಿನಲ್ಲೇ ಅದುರಿ ತುಂಡಾಗುತ್ತದೆ.

ರಿಲೇಗಳನ್ನು ಗ್ರಿಲ್ ಹಿಂದೆ ಕೂರಿಸಬೇಡಿ, ಅಲ್ಲಿ ಹಳ್ಳ ದಾಟುವಾಗ ನೀರು ನೇರ ಹೊಡೆಯುತ್ತದೆ. ಬಾನೆಟ್ ಒಳಗೆ ಎತ್ತರದ ಜಾಗದಲ್ಲಿ, ಪಿನ್‌ಗಳು ಕೆಳಮುಖವಾಗಿರುವಂತೆ ಹಾಕಿ. ವೈರು ರಿಲೇಗೆ ಸೇರುವ ಮುಂಚೆ ಒಂದು ಸಣ್ಣ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಸುರುಳಿ ಪೈಪು ಬರೀ ಅಂದಕ್ಕಲ್ಲ: ಶೆಡ್ಡಿನಲ್ಲಿ ನಿಂತ ಜೀಪಿನ ವೈರನ್ನು ಇಲಿ ಕಡಿಯುವುದು ತೋಟಗಳಲ್ಲಿ ಮಾಮೂಲು.

ಎಲ್ಲ ಮುಗಿದ ಮೇಲೆ ಹೈ ಬೀಮ್ ಹಾಕಿ 20 ನಿಮಿಷ ಎಂಜಿನ್ ಓಡಿಸಿ, ಪ್ರತಿ ಜೋಡಣೆಯನ್ನೂ ಕೈಯಿಂದ ಮುಟ್ಟಿ ನೋಡಿ. ಬಲ್ಬಿನ ಹೋಲ್ಡರ್ ಬಿಟ್ಟು ಬೇರೆ ಯಾವುದೇ ಲಗ್ ಅಥವಾ ಫ್ಯೂಸ್ ಸುಡುತ್ತಿದ್ದರೆ ಅಲ್ಲಿ ಜೋಡಣೆ ಸಡಿಲ. ರಿಲೇ ಟಕಟಕ ಬಡಿದುಕೊಳ್ಳುತ್ತಿದ್ದರೆ ಕಾಯಿಲಿಗೆ ವೋಲ್ಟೇಜ್ ಸಾಲುತ್ತಿಲ್ಲ ಅಥವಾ 86ರ ಅರ್ತ್ ಸರಿಯಿಲ್ಲ. ಮತ್ತೆ ಮೀಟರ್ ಹಿಡಿದಾಗ ನಷ್ಟ ಅರ್ಧ ವೋಲ್ಟಿನೊಳಗೆ ಬಂದಿರಬೇಕು.

ರಿಫ್ಲೆಕ್ಟರ್, ಬಲ್ಬ್

ಈ ಜೀಪುಗಳದ್ದು 7 ಇಂಚಿನ ದುಂಡು ಹೆಡ್‌ಲೈಟ್. ಹೊರಗಿನ ರಿಂಗಿನ ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಗಾಜಿನ ಮೂಲಕ ಒಳಗೆ ನೋಡಿ. ರಿಫ್ಲೆಕ್ಟರ್ ಕನ್ನಡಿಯಂತೆ ಹೊಳೆಯಬೇಕು. ಬೂದು ಬಣ್ಣಕ್ಕೆ ತಿರುಗಿದ್ದರೆ, ಕಪ್ಪು ಮಚ್ಚೆ ಎದ್ದಿದ್ದರೆ ಯಾವ ಬಲ್ಬ್ ಹಾಕಿಯೂ ಉಪಯೋಗವಿಲ್ಲ, ಗಾಜು, ರಿಫ್ಲೆಕ್ಟರ್ ಸೇರಿದ ಯೂನಿಟ್ಟನ್ನೇ ಬದಲಿಸಿ. ಒರೆಸಿ ಹೊಳಪು ತರಲು ಹೋಗಬೇಡಿ, ಆ ತೆಳು ಲೇಪನ ಬಟ್ಟೆಗೇ ಎದ್ದು ಬರುತ್ತದೆ.

ಬಲ್ಬ್ ತರುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬಹಳ ಹಳೆಯ ಯೂನಿಟ್‌ಗಳಲ್ಲಿ ಪಿ45ಟಿ ಬುಡದ 45/40 ವ್ಯಾಟ್ ಬಲ್ಬ್ ಇರುತ್ತದೆ, ಎಚ್‌4ರ ಬುಡ ಪಿ43ಟಿ. ಮೂರು ಪಿನ್ ಎರಡರಲ್ಲೂ ಒಂದೇ ಥರ ಕಂಡರೂ ಬುಡದ ಅಗಲ ಬೇರೆ. ಒತ್ತಿ ಕೂರಿಸಿದರೆ ಫಿಲಮೆಂಟ್ ಜಾಗ ತಪ್ಪಿ ಬೆಳಕು ಚೆದುರುತ್ತದೆ. ಪಿ45ಟಿ ಇದ್ದರೆ ಎಚ್‌4ಗೆಂದೇ ಮಾಡಿದ 7 ಇಂಚಿನ ಯೂನಿಟ್ ಹಾಕಿಸುವುದು ಒಳ್ಳೆಯದು.

ಬಲ್ಬು 60/55ರದ್ದೇ ಇರಲಿ, ಒಳ್ಳೆಯ ಕಂಪನಿಯದ್ದಿರಲಿ, ಎರಡೂ ಕಡೆ ಒಟ್ಟಿಗೆ ಬದಲಿಸಿ. 100/90 ಹಾಕಿದರೆ ಕಾನೂನಿಗೂ ವಿರುದ್ಧ, ಶಾಖಕ್ಕೆ ರಿಫ್ಲೆಕ್ಟರಿನ ಲೇಪನವೂ ಸುಡುತ್ತದೆ. ನೀಲಿ ಬಣ್ಣ ಬಳಿದ ಬಲ್ಬುಗಳು ಬೆಳ್ಳಗೆ ಕಾಣುತ್ತವೆ, ಆದರೆ ಆ ಬಣ್ಣ ಬೆಳಕನ್ನೇ ತಿನ್ನುತ್ತದೆ. ಒದ್ದೆ ಡಾಂಬರಿನ ಮೇಲೆ ಏನೂ ಕಾಣುವುದಿಲ್ಲ. ಹ್ಯಾಲೊಜೆನ್ ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಮುಟ್ಟಿದರೆ ಸ್ಪಿರಿಟ್‌ನಲ್ಲಿ ಒರೆಸಿ. ಕೈಯ ಜಿಡ್ಡು ಉಳಿದ ಕಡೆ ಗಾಜು ಮಿತಿಮೀರಿ ಕಾದು ಬಲ್ಬು ಬೇಗ ಹೋಗುತ್ತದೆ.

ಎಲ್‌ಇಡಿ ಹಾಕುವುದಾದರೆ

ಎಲ್‌ಇಡಿಯಲ್ಲಿ ಎರಡು ಬಗೆ. ಹ್ಯಾಲೊಜೆನ್ ರಿಫ್ಲೆಕ್ಟರಿನೊಳಗೆ ಸಿಕ್ಕಿಸುವ ಎಲ್‌ಇಡಿ ಬಲ್ಬ್ ಒಂದು, ಪೂರ್ತಿ 7 ಇಂಚಿನ ಎಲ್‌ಇಡಿ ಯೂನಿಟ್ ಇನ್ನೊಂದು. ಮೊದಲನೆಯದು ಬೇಡವೇ ಬೇಡ. ರಿಫ್ಲೆಕ್ಟರನ್ನು ಫಿಲಮೆಂಟಿನ ಜಾಗ, ಆಕಾರ ಲೆಕ್ಕ ಹಾಕಿ ಮಾಡಿರುತ್ತಾರೆ. ಎರಡು ಬದಿಗೆ ಅಂಟಿಸಿದ ಚಿಪ್ಪಿನಿಂದ ಅದೇ ಬೆಳಕಿನ ಹರಡುವಿಕೆ ಬರುವುದಿಲ್ಲ. ಗಾಡಿಯ ಮುಂದೆ ಹತ್ತಿಪ್ಪತ್ತು ಅಡಿ ಹಾಲು ಚೆಲ್ಲಿದಂತೆ ಬೆಳಗುತ್ತದೆ, ಡ್ರೈವರಿಗೆ ಖುಷಿಯಾಗುತ್ತದೆ, ದೂರದ ತಿರುವು ಮಾತ್ರ ಕತ್ತಲಲ್ಲೇ ಉಳಿಯುತ್ತದೆ. ಎದುರಿನವನ ಕಣ್ಣು ಕುಕ್ಕುವುದಂತೂ ಖಂಡಿತ.

ಪೂರ್ತಿ ಯೂನಿಟ್ ಒಳ್ಳೆಯದಿದ್ದರೆ ನಿಜಕ್ಕೂ ಪ್ರಯೋಜನವಿದೆ. ಕೊಳ್ಳುವಾಗ ಗಾಜಿನ ಮೇಲೆ ವೃತ್ತದೊಳಗಿನ ಇ ಗುರುತು (ಯುರೋಪಿನ ಮಾನ್ಯತೆಯ ಮುದ್ರೆ) ಮತ್ತು ಬಾಣದ ಗುರುತು ಹುಡುಕಿ. ನಾವು ಎಡಕ್ಕೆ ಓಡಿಸುವವರು. ಎಡ ಸಂಚಾರಕ್ಕೆ ಮಾಡಿದ ಲೈಟಿನಲ್ಲಿ, ಗಾಡಿಯ ಮುಂದೆ ನಿಂತು ಲೈಟನ್ನು ನೋಡುವವನ ಬಲಕ್ಕೆ ತಿರುಗಿದ ಬಾಣ ಇರುತ್ತದೆ. ಬಾಣವೇ ಇಲ್ಲದ್ದು ಬಲ ಸಂಚಾರದ ದೇಶಗಳಿಗೆ ಮಾಡಿದ್ದು. ಅದರ ಬೆಳಕು ಬಲಕ್ಕೆ ಏರುತ್ತದೆ, ಅಂದರೆ ನೇರ ಎದುರು ಬರುವವನ ಮುಖಕ್ಕೆ. ಗುರುತು ಕಾಣದಿದ್ದರೆ ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು ಗೋಡೆಗೆ ಹಿಡಿಸಿ ನೋಡಿ: ಲೋ ಬೀಮ್‌ನಲ್ಲಿ ಮೇಲಂಚು ಗೆರೆ ಎಳೆದಂತೆ ಕತ್ತರಿಸಿ, ಎಡಕ್ಕೆ ಸ್ವಲ್ಪ ಏರಬೇಕು. ಹಿಂಭಾಗದ ಶಾಖ ಹೊರಹಾಕುವ ರೆಕ್ಕೆಗಳು ನಿಮ್ಮ ಬಕೆಟ್ಟಿನೊಳಗೆ ಹಿಡಿಯುತ್ತವೆಯೇ ಎಂದು ಆಳ ಅಳೆದುಕೊಂಡು ಹೋಗಿ. ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ. ಆಂಪಿಯರ್ ಅಳೆದು ವೋಲ್ಟಿನಿಂದ ಗುಣಿಸಿದರೆ ನಿಜ ಗೊತ್ತಾಗುತ್ತದೆ. 12.5 ವೋಲ್ಟಿನಲ್ಲಿ 2 ಆಂಪಿಯರ್ ಎಳೆದರೆ ಅದು 25 ವ್ಯಾಟ್, ಡಬ್ಬದಲ್ಲಿ ಏನೇ ಬರೆದಿರಲಿ.

ಒಂದು ಕೊರತೆ ನೆನಪಿರಲಿ. ಹ್ಯಾಲೊಜೆನ್ ಗಾಜು ಬಿಸಿಯಾಗಿ ಮೇಲಿನ ಇಬ್ಬನಿ, ಒಳಗಿನ ಆವಿ ತಾನೇ ಒಣಗುತ್ತದೆ. ಎಲ್‌ಇಡಿ ಗಾಜು ತಣ್ಣಗಿರುತ್ತದೆ, ಕೆಸರು ಮಂಜು ಹಾಗೇ ಕೂರುತ್ತದೆ. ಪುಷ್ಯ, ಆಶ್ಲೇಷ ಮಳೆಗಳ ದಿನಗಳಲ್ಲಿ ಒರೆಸುವ ಬಟ್ಟೆ ಕೈಗೆ ಸಿಗುವಲ್ಲಿರಲಿ.

ತೋಟದೊಳಗೆ, ಹೋಂಸ್ಟೇ ಟ್ರ್ಯಾಕುಗಳಲ್ಲಿ ಓಡುವ ನಾಲ್ಕು ಚಕ್ರದ ಎಟಿವಿಗಳ ಲೆಕ್ಕ ಬೇರೆ. ಅವುಗಳ ಸ್ಟೇಟರ್ (ಎಂಜಿನ್ನಿನಲ್ಲಿ ವಿದ್ಯುತ್ ಹುಟ್ಟಿಸುವ ಸುರುಳಿ) ಕೊಡುವ ವಿದ್ಯುತ್ತೇ ಕಡಿಮೆಯಾದ್ದರಿಂದ ಅಲ್ಲಿ ಕಡಿಮೆ ವ್ಯಾಟಿನ ಎಲ್‌ಇಡಿಯೇ ಸರಿ. ಆದರೆ ಕೆಲವು ಸಣ್ಣ ಮಾದರಿಗಳಲ್ಲಿ ಹೆಡ್‌ಲೈಟಿಗೆ ಎ.ಸಿ. ಕರೆಂಟ್ ಬರುತ್ತದೆ, ಡಿ.ಸಿ. ಎಲ್‌ಇಡಿ ಅಲ್ಲಿ ಮಿಣುಕುತ್ತದೆ ಅಥವಾ ಸುಡುತ್ತದೆ. ಮೀಟರಿನಲ್ಲಿ ನೋಡಿಕೊಂಡು, ಎ.ಸಿ. ಇದ್ದರೆ ಬ್ಯಾಟರಿ ಕಡೆಯಿಂದ ಫ್ಯೂಸ್ ಸಮೇತ ಲೈನ್ ಎಳೆಯಿರಿ.

ಕಾಫಿ ಕಣದಲ್ಲಿ ಅಲೈನ್‌ಮೆಂಟ್

ಇಷ್ಟೆಲ್ಲ ಮಾಡಿ ಅಲೈನ್‌ಮೆಂಟ್ ಬಿಟ್ಟರೆ ಬೆಳಕು ಮರದ ಕೊಂಬೆಗೆ ಹೋಗುತ್ತದೆ. ಈ ಕೆಲಸಕ್ಕೆ ಸಿಮೆಂಟಿನ ಕಾಫಿ ಕಣ, ಅದರ ಪಕ್ಕದ ಗೋಡೌನ್ ಗೋಡೆಗಿಂತ ಒಳ್ಳೆಯ ಜಾಗವಿಲ್ಲ. ಕಣಕ್ಕೆ ನೀರು ಹರಿಯಲೆಂದು ಸ್ವಲ್ಪ ವಾಟ ಕೊಟ್ಟಿರುತ್ತಾರೆ. ಆ ವಾಟ ಗೋಡೆಯ ಬುಡದವರೆಗೂ ಒಂದೇ ಸಮ ಇದ್ದರೆ ತೊಂದರೆಯಿಲ್ಲ, ಎತ್ತರವನ್ನೆಲ್ಲ ನೆಲದಿಂದಲೇ ಅಳೆಯುತ್ತೀರಿ. ಆದರೆ ಒಂದು ಗಾಲಿ ಎತ್ತರ, ಒಂದು ತಗ್ಗು ಆಗುವಂತೆ ಅಡ್ಡ ವಾಟದಲ್ಲಿ ನಿಲ್ಲಿಸಬೇಡಿ.

ಟೈರಿನ ಗಾಳಿ ಸರಿಮಾಡಿ. ದಿನವೂ ಹಿಂದೆ ಆಳುಗಳೋ ಮೂಟೆಗಳೋ ಇರುತ್ತವೆ ಎಂದಾದರೆ ಅಷ್ಟೇ ಭಾರ ಹೇರಿ, ಡ್ರೈವರ್ ಸೀಟಿನಲ್ಲೂ ಒಬ್ಬರು ಕೂರಲಿ. ಹಿಂದೆ ಭಾರ ಬಿದ್ದರೆ ಮೂತಿ ಮೇಲಾಗುತ್ತದೆ. ಖಾಲಿ ಗಾಡಿಗೆ ಹೊಂದಿಸಿದ ಲೈಟು ಮೂಟೆ ಹೇರಿದ ದಿನ ಎದುರಿನವನ ಕಣ್ಣಿಗೆ ಹೊಡೆಯುತ್ತದೆ.

ಗಾಡಿಯನ್ನು ಗೋಡೆಗೆ ಹತ್ತಿಸಿ ನಿಲ್ಲಿಸಿ, ಎರಡೂ ಲೈಟಿನ ನಡುಬಿಂದುವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ, ಪ್ರತಿಯೊಂದಕ್ಕೂ ನೆಟ್ಟಗೆ ಒಂದು ಗೆರೆ ಎಳೆಯಿರಿ. ಈಗ ಸ್ಟೇರಿಂಗ್ ತಿರುಗಿಸದೆ, ಲೈಟಿನಿಂದ ಗೋಡೆಗೆ 7.5 ಮೀಟರ್ ಆಗುವಷ್ಟು ಹಿಂದಕ್ಕೆ ಬನ್ನಿ. ಲೈಟಿನ ಎತ್ತರದ ಹತ್ತನೇ ಒಂದು ಭಾಗದಷ್ಟು ಕೆಳಗೆ ಅಡ್ಡಗೆರೆ ಹಾಕಿ. ಲೈಟು ನೆಲದಿಂದ 95 ಸೆಂ.ಮೀ. ಇದ್ದರೆ ಗೆರೆ ನಡುಬಿಂದುವಿಗಿಂತ 9.5 ಸೆಂ.ಮೀ. ಕೆಳಗೆ. ಈ ಲೆಕ್ಕದಲ್ಲಿ ಲೋ ಬೀಮ್‌ನ ಮೇಲಂಚು 75 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ, ಘಾಟಿ ರಸ್ತೆಗೆ ಅಷ್ಟು ಹದ.

ಒಂದು ಲೈಟಿನ ಮುಂದೆ ರಟ್ಟು ನಿಲ್ಲಿಸಿ ಇನ್ನೊಂದನ್ನು ಹೊಂದಿಸಿ. ಉರಿಯುವ ಹ್ಯಾಲೊಜೆನ್ ಗಾಜಿಗೆ ಗೋಣಿಚೀಲ ಹೊದಿಸಬೇಡಿ, ಸುಟ್ಟೀತು. ರಿಂಗಿನ ಮೇಲ್ಗಡೆ ಇರುವ ಸ್ಕ್ರೂ ಮೇಲೆ-ಕೆಳಗೆ ಮಾಡಲು, ಪಕ್ಕದ್ದು ಎಡ-ಬಲಕ್ಕೆ. ಕಾಲು ಸುತ್ತು ತಿರುಗಿಸಿ, ಗೋಡೆ ನೋಡಿ, ಮತ್ತೆ ತಿರುಗಿಸಿ. ಸಮತಲ ಅಂಚು ಅಡ್ಡಗೆರೆಯ ಮೇಲೆ ಕೂರಬೇಕು. ಅಂಚು ಎಡಕ್ಕೆ ಏರಲು ಶುರುವಾಗುವ ಮೂಲೆ ಆ ಲೈಟಿನ ನೆಟ್ಟಗಿನ ಗೆರೆಯ ಮೇಲೆ ಬರಬೇಕು. ಹೊಂದಿಸುವುದು ಲೋ ಬೀಮನ್ನು ಮಾತ್ರ. ಎಚ್‌4ರಲ್ಲಿ ಹೈ ತಾನಾಗಿ ಸರಿಹೋಗುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಲೈಟು ಅಲುಗದಿದ್ದರೆ ಒಳಗಿನ ಸ್ಪ್ರಿಂಗ್ ತುಂಡಾಗಿದೆ ಅಥವಾ ಪ್ಲಾಸ್ಟಿಕ್ ನಟ್ ಸವೆದಿದೆ. ಅದನ್ನು ಬದಲಿಸದಿದ್ದರೆ ಮೊದಲ ಕಲ್ಲುದಾರಿಗೇ ಅಲೈನ್‌ಮೆಂಟ್ ಕೆಡುತ್ತದೆ.

ಮಂಜು, ಫಾಗ್ ಲ್ಯಾಂಪ್, ಲೈಟ್ ಬಾರ್

ಕೊಟ್ಟಿಗೆಹಾರ, ಮುಳ್ಳಯ್ಯನಗಿರಿ, ಶಿರಾಡಿಯ ಮಂಜಿನಲ್ಲಿ ಹೈ ಬೀಮ್ ಹಾಕಿದಷ್ಟೂ ಎದುರಿಗೆ ಬಿಳಿ ಗೋಡೆ ಏಳುತ್ತದೆ, ಏಕೆಂದರೆ ಕಣ್ಣಿನ ಮಟ್ಟದ ಹನಿಗಳಿಂದ ಬೆಳಕು ವಾಪಸ್ ಬರುತ್ತದೆ. ಅದಕ್ಕೇ ಫಾಗ್ ಲ್ಯಾಂಪ್ ಕೆಳಗಿರಬೇಕು, ಅಗಲವಾಗಿ ಹರಡಬೇಕು, ಮೇಲಂಚು ಕತ್ತರಿಸಿದಂತಿರಬೇಕು. ಬಂಪರಿನಲ್ಲಿ ನೆಲದಿಂದ 50 ಸೆಂ.ಮೀ. ಆಸುಪಾಸಿನಲ್ಲಿ ಕೂರಿಸಿ, 7.5 ಮೀಟರ್ ದೂರದ ಗೋಡೆಯ ಮೇಲೆ ಅಂಚು ಲ್ಯಾಂಪಿನ ಎತ್ತರಕ್ಕಿಂತ 15 ಸೆಂ.ಮೀ. ಕೆಳಗೆ ಬರಲಿ, ಆಗ 25 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ನಿಜವಲ್ಲ. ಮಂಜಿನ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಆದರೂ 3,000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ನೀಲಿ) ಹಳದಿಯಲ್ಲಿ ಕಣ್ಣಿಗೆ ಚುಚ್ಚುವ ನೀಲಿ ಅಂಶ ಕಡಿಮೆ, ತಾಸುಗಟ್ಟಲೆ ಓಡಿಸುವವರಿಗೆ ಅದು ಹಿತ. 6,000 ದಾಟಿದ್ದನ್ನು ಮಾತ್ರ ತರಬೇಡಿ. ಫಾಗ್ ಲ್ಯಾಂಪಿಗೂ ಬೇರೆ ರಿಲೇ, ಬೇರೆ ಫ್ಯೂಸ್. ಹ್ಯಾಲೊಜೆನ್ ಆಗಿದ್ದರೆ ಹಳ್ಳಕ್ಕೆ ಇಳಿಯುವ ಕೆಲವು ನಿಮಿಷ ಮುಂಚೆಯೇ ಆರಿಸಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುತ್ತದೆ.

ತಲೆಯ ಮೇಲಿನ ಲೈಟ್ ಬಾರ್ ತೋಟದೊಳಗೆ ರಾತ್ರಿ ಸ್ಪ್ರಿಂಕ್ಲರ್ ಪೈಪ್ ಬದಲಿಸುವಾಗ, ಮರ ಬಿದ್ದ ದಾರಿ ತೆರವು ಮಾಡುವಾಗ ಉಪಯುಕ್ತ. ಡಾಂಬರು ರಸ್ತೆಗೆ ಇಳಿದ ಕೂಡಲೇ ಅದು ಆರಿರಬೇಕು, ಮೇಲೆ ಕವರ್ ಇರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಲೈಟು, 8 ಮೀಟರ್ ದೂರದಲ್ಲಿ ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕದಂತೆ ಕೆಳಗೆ ಬಾಗಿರಬೇಕು ಅಥವಾ ಡ್ರೈವರ್ ಬಾಗಿಸುವಂತಿರಬೇಕು. ಚಾವಣಿಯ ಬಾರಿನಿಂದ ಅದು ಸಾಧ್ಯವಿಲ್ಲ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ಆನೆ ಓಡಾಡುವ ದಾರಿಗಳಲ್ಲಂತೂ ಎದುರಿಗೆ ಆನೆ ಕಂಡರೆ ಬಾರ್ ಹಾಕಿ ಹೆದರಿಸಲು ಹೋಗಬೇಡಿ. ಕಣ್ಣಿಗೆ ಬೆಳಕು ಬಿದ್ದ ಆನೆ ಕೆರಳಿ ಮುನ್ನುಗ್ಗಬಹುದು. ಲೋ ಬೀಮ್‌ಗೆ ಇಳಿಸಿ, ಹಾರನ್ ಮಾಡದೆ, ದೂರವಿರುವಾಗಲೇ ರಿವರ್ಸ್ ತೆಗೆದುಕೊಳ್ಳಿ.

ಮುಂಗಾರು ಶುರುವಾಗುವ ಮುಂಚೆ ಒಮ್ಮೆ, ಅಕ್ಟೋಬರಿನಲ್ಲಿ ಹಣ್ಣು ಕೊಯ್ಲಿಗೆ ಮುಂಚೆ ಒಮ್ಮೆ ಹೋಲ್ಡರ್ ಬಿಚ್ಚಿ ಪಿನ್‌ಗಳ ಹಸಿರು ಕಿಲುಬು ತೆಗೆದು, ಅರ್ತ್ ಬೋಲ್ಟ್ ಬಿಗಿದು, ಬ್ಯಾಟರಿ ಮತ್ತು ಬಲ್ಬಿನ ವೋಲ್ಟೇಜ್ ಎರಡನ್ನೂ ಅಳೆದು, ಬಾನೆಟ್ಟಿನ ಒಳಗಡೆ ಪೇಂಟ್ ಮಾರ್ಕರಿನಲ್ಲಿ ತಾರೀಖಿನೊಂದಿಗೆ ಬರೆದಿಡಿ. ಮುಂದಿನ ಸಲ ಅಳೆದಾಗ ನಷ್ಟ ಎಷ್ಟು ಹೆಚ್ಚಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.